ಯಾರ ಜೋಡಿ ಉಂಡ್ರಿ?

ಬೈಲಹೊಂಗಲದ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟ ಎರಡೂವರೆ ತಾಸು ನಡೆಯುತ್ತಿತ್ತು. ಹಾಗಂತ ಯಾರೂ ಅಷ್ಟು ಹೊತ್ತು ಉಣ್ಣುತ್ತಿರಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಉಣ್ಣುತ್ತಿದ್ದರು. ಹನ್ನೆರಡೂವರೆಗೆ ಮಾವನವರು. ಒಂದು ಗಂಟೆಗೆ ಶಾಲೆಯಿಂದ ಓಡಿ ಬರುವ ನನ್ನ ಇಬ್ಬರು ಮಕ್ಕಳು. ಎರಡಕ್ಕೋ ಎರಡೂವರೆಗೋ ಅರಳೆ ಅಂಗಡಿಯಿಂದ ನಮ್ಮ ಮನೆಯವರು. ಅವರು ಕೈ ತೊಳೆದ ಮೇಲೆ ಅತ್ತೆ ನನ್ನನ್ನು ಕೂಡಿಸಿ ಬಡಿಸುವರು. ಕಡೆಗೆ, ರೊಟ್ಟಿ ಬುಟ್ಟಿಯ ತಳದಲ್ಲಿ ಏನು ಉಳಿದಿದೆ ಎಂದು ಬಗ್ಗಿ ನೋಡಿ, ತಾವು.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಗಂಟೆ ಬಾರಿಸಿದರೆ ಅಷ್ಟೂ ಹುಡುಗಿಯರು ಒಮ್ಮೆಲೇ ಡಬ್ಬಿ ಬಿಚ್ಚುತ್ತಿದ್ದೆವು. ಮದುವೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ. "ಅತ್ತಿ, ನೀವೂ ನನ್ನ ಜೋಡಿ ಕುಂಡ್ರಿ."

"ನಾ ಕುಂತರ ನಿನಗ ರೊಟ್ಟಿ ಯಾರ ನೀಡಾಕಿ?" ಎಂದು ಅವರು ನಕ್ಕು, ಗಂಗಾಳದೊಳಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿದ್ದರು. ಬೇಡವೆಂದು ಕೈ ಅಡ್ಡ ಹಿಡಿದರೆ ಕೈಮೇಲೆಯೇ ಹಾಕುವ ಪೈಕಿ ಅವರು. ಆ ಮೇಲೆ ನಾನು ಕೇಳಲಿಲ್ಲ. ಅತ್ತೆ ಉಣ್ಣುವುದನ್ನು ನಾನೂ ಸರಿಯಾಗಿ ನೋಡುತ್ತಿರಲಿಲ್ಲ. ಅಷ್ಟೊತ್ತಿಗೆ ಹಿತ್ತಲಲ್ಲಿ ಪಾತ್ರೆಗೆ ಕುಳಿತಿರುತ್ತಿದ್ದೆ.

ತೊಂಬತ್ತರ ದಶಕದ ನಡುವೆ ಅವರಿಗೆ ಸಕ್ಕರೆ ಕಾಯಿಲೆ ಬಂತು. ಊರಿನ ಡಾಕ್ಟರು ಒಳ್ಳೆಯವರು, ಸಮಾಧಾನದವರು. ಮುಂಜಾನೆ ಊಟಕ್ಕೆ ಮೊದಲು ಒಂದು ಗುಳಿಗೆ ಎಂದು ಬರೆದುಕೊಟ್ಟರು. ಅತ್ತೆ ಆರು ಗಂಟೆಗೆ ಸ್ನಾನ, ಲಿಂಗಪೂಜೆ ಮುಗಿಸಿ, ಸಕ್ಕರೆಯಿಲ್ಲದ ಚಹದೊಂದಿಗೆ ಅದನ್ನು ನುಂಗುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ. ನಾಲ್ಕು ತಿಂಗಳು ಬಿಟ್ಟು ಪರೀಕ್ಷೆಗೆ ಹೋದದ್ದು ಸಂಜೆ, ಉಂಡು ಹೋದದ್ದು. ಸಕ್ಕರೆ ಇನ್ನೂ ಹೆಚ್ಚೇ ಇದೆ ಎಂದರು. ಗುಳಿಗೆ ಒಂದಿದ್ದದ್ದು ಎರಡಾಯಿತು.

ಎರಡಾದ ಮೇಲೆ ಅತ್ತೆಗೆ ತಲೆ ಸುತ್ತು ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಹಣೆಯೆಲ್ಲ ಬೆವರು, ಕೈಯಲ್ಲಿ ನಡುಕ. ರೊಟ್ಟಿ ಬಡಿಯುತ್ತಿದ್ದವರು ನಡುವೆ ಕೈ ನಿಲ್ಲಿಸಿ ಗೋಡೆ ನೋಡುತ್ತ ಕೂಡುವರು. ಒಮ್ಮೆ ಹಿತ್ತಲ ಕಟ್ಟೆಯ ಮೇಲೆ ಬಿದ್ದು ಮೊಣಕೈ ಒಡೆದುಕೊಂಡರು. ನಮಗೆ ತಿಳಿದದ್ದು ಒಂದೇ: ಸಕ್ಕರೆ ಏರಿದೆ. ಬಾಳೆಹಣ್ಣು ಬಂದ್ ಮಾಡಿದೆವು. ಅನ್ನ ಬಂದ್ ಮಾಡಿದೆವು. ಪಕ್ಕದ ಮನೆಯ ಕಾಕು ದಿನಾ ಮುಂಜಾನೆ ಹಾಗಲಕಾಯಿ ರಸದ ವಾಟಿ ಹಿಡಿದುಕೊಂಡು ಬರುವರು. ಅತ್ತೆ ಕಣ್ಣು ಮುಚ್ಚಿ ಕುಡಿದು, "ನಿನ್ನ ಬಾಯಿನ ಹಂಗ ಐತಿ ನೋಡ ಇದು," ಎಂದು ಖಾಲಿ ವಾಟಿ ತಿರುಗಿ ಕೊಡುವರು. ಕಾಕುವಿಗೆ ಅದು ಖುಷಿ.

ಆ ದಿನಗಳಲ್ಲಿ ನನ್ನ ತಂಗಿ ಧಾರವಾಡದಲ್ಲಿ ಗೃಹವಿಜ್ಞಾನ ಓದುತ್ತಿದ್ದಳು. ಒಂದು ಶನಿವಾರ ದೊಡವಾಡದ ಮೇಲೆ ಬರುವ ಬಸ್ಸಿಗೆ ಬಂದಳು. ಕೈಯಲ್ಲಿ ಕಾಗದದ ಕಟ್ಟು. ಜಪಾನಿನಲ್ಲಿ ಸಾಮಾನ್ಯ ಮನೆಗಳ ದೊಡ್ಡವರನ್ನು ದಿನಾ ಏನು ಉಣ್ಣುತ್ತೀರಿ, ಎಷ್ಟು ನಡೆಯುತ್ತೀರಿ ಎಂದು ಕೇಳಿ ಅಭ್ಯಾಸ ಮಾಡುತ್ತಾರಂತೆ. ಅಂಥದೊಂದು ಪ್ರಶ್ನೆಗಳ ಕಾಗದ ಇಂಗ್ಲಿಷಿನಲ್ಲಿ ಅವಳ ಮೇಡಂ ಕೈಗೆ ಸಿಕ್ಕಿತ್ತು. ನಿಮ್ಮ ನಿಮ್ಮ ಊರ ಕಡೆ ಹತ್ತು ಮನೆಗಳಲ್ಲಿ ಕೇಳಿ ಬನ್ನಿ, ಯಾವ ಪ್ರಶ್ನೆ ನಮ್ಮಲ್ಲಿ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ನೋಡೋಣ ಎಂದು ಹುಡುಗಿಯರಿಗೆ ಹಂಚಿದ್ದರು. ತಂಗಿ ಕೇಳುವವಳು, ನಾನು ಕನ್ನಡ ಮಾಡಿ ಹೇಳಿ ಬರೆದುಕೊಳ್ಳುವವಳು ಎಂದು ಮಾತಾಯಿತು.

ಸಂಜೆ ನಾಲ್ಕರ ಮೇಲೆ ಪಡಸಾಲೆಯಲ್ಲಿ ಕುಳಿತೆವು. ಅತ್ತೆ ಕಂಬಕ್ಕೆ ಒರಗಿ ಹುಣಸೆಹಣ್ಣು ಬಿಡಿಸುತ್ತಿದ್ದರು, ಎದುರಿಗೆ ಕಾಕು. ಕಾಗದದ ಮೂಲೆಯಲ್ಲಿ ಸಣ್ಣ ಸಣ್ಣ ಚಿತ್ರಗಳಿದ್ದವು: ಒಂದು ಬಟ್ಟಲು ಅನ್ನ, ಅದನ್ನು ಉಣ್ಣುವ ಎರಡು ಕಡ್ಡಿ, ಒಂದು ಮೀನು, ಕೈ ಬೀಸಿ ನಡೆಯುವ ಒಬ್ಬ ಮನುಷ್ಯ. ಮೀನು ಕಂಡ ಕೂಡಲೇ ಅತ್ತೆ ಸೆರಗನ್ನು ಮೂಗಿಗೆ ತಂದರು.

"ಚಿತ್ರಾ ನಾರೂದಿಲ್ರಿ ಅತ್ತಿ," ಎಂದಳು ತಂಗಿ.

"ಆ ಮಂದಿ ಮತ್ತೇನ ತಿಂತಾರವಾ?"

"ಅನ್ನ, ಕಾಯಿಪಲ್ಲೆ, ಸಮುದ್ರದಾಗಿನ ಪಾಚಿ."

"ಪಾಚಿ?" ಅತ್ತೆಯ ಕೈ ನಿಂತಿತು. "ಪಾಪ, ಅವರಿಗೆ ಜ್ವಾಳ ಬೆಳಿಯೂದಿಲ್ಲ ಏನ?"

"ಹೊಟ್ಟಿ ಪೂರಾ ತುಂಬೂಕಿಂತ ಮೊದಲ ಏಳಬೇಕು ಅಂತ ಅಲ್ಲಿ ಹಿರ್ಯಾರು ಹೇಳತಾರಂತ."

"ಹಂಗ ಎಬ್ಬಿಸಿ ಕಳಿಸಿದ್ರ ನಮ್ಮಲ್ಲೆ ಬೀಗರು ಹೊಳ್ಳಿ ಈ ಕಡೆ ಹಾಯೂದಿಲ್ಲ," ಎಂದು ಕಾಕು ಹೇಳಿದರು. ಎಲ್ಲರೂ ನಕ್ಕೆವು.

ನಗು ಮುಗಿದ ಮೇಲೆ ತಂಗಿ ಮೊದಲ ಪ್ರಶ್ನೆ ಓದಿದಳು. ನಿನ್ನೆ ಮಧ್ಯಾಹ್ನ ಏನೇನು ಉಂಡಿರಿ, ಎಷ್ಟೆಷ್ಟು. ಅತ್ತೆ ಹುಣಸೆಬೀಜ ಪಕ್ಕಕ್ಕಿಟ್ಟು, ನೆಟ್ಟಗೆ ಕುಳಿತು ಹೇಳಿದರು. "ಎರಡ ಬಿಸಿ ರೊಟ್ಟಿ. ಎಣ್ಣಿಗಾಯಿ ಪಲ್ಯ. ಹೆಸರಕಾಳ. ಒಂದ ವಾಟಿ ಸಾರು. ಕೆನಿ ಮೊಸರು. ಸಕ್ಕರಿ ಬ್ಯಾನಿ ಇರಲಿಲ್ಲಂದ್ರ ಒಂದ ವಾಟಿ ಸಜ್ಜಕಾನೂ ಉಣ್ಣತಿದ್ನಿ. ನಮ್ಮನ್ಯಾಗ ಉಣ್ಣಾಕ ಯಾವುದಕ್ಕೂ ಕಮ್ಮಿ ಇಲ್ಲ ಬರಿ."

ನನ್ನ ಪೆನ್ಸಿಲು ಒಂದು ಕ್ಷಣ ಮೇಲೆಯೇ ಉಳಿಯಿತು. ಅವರು ಹೇಳಿದ್ದೆಲ್ಲ ನಿನ್ನೆ ನಮ್ಮ ಮನೆಯಲ್ಲಿ ಆದ ಅಡುಗೆ. ಅವರು ಉಂಡದ್ದನ್ನು ನಾನು ನಿನ್ನೆ ಅಕಸ್ಮಾತ್ತಾಗಿ ಕಂಡಿದ್ದೆ, ಪಾತ್ರೆಗೆ ಬೂದಿ ತರಲು ಒಳಗೆ ಹೋದಾಗ. ಮೊನ್ನೆಯ ತಂಗಳ ರೊಟ್ಟಿಯ ಒಂದು ಅರ್ಧವನ್ನು ಮಜ್ಜಿಗೆಯಲ್ಲಿ ಮುರಿದುಹಾಕಿ, ಶೇಂಗಾ ಚಟ್ನಿಯ ಹಿಂಡಿ ಹಚ್ಚಿಕೊಂಡು, ಒಲೆಯ ಕಡೆ ಮುಖ ಮಾಡಿ ತಿನ್ನುತ್ತಿದ್ದರು. ಎಣ್ಣೆಗಾಯಿ ಮುಗಿದಿತ್ತು, ಕೊನೆಯ ಎರಡು ನನ್ನ ಗಂಗಾಳಕ್ಕೇ ಬಿದ್ದಿದ್ದವು.

ಬರೆಯುವ ಸುಳ್ಳು ಆಡುವ ಸುಳ್ಳಿಗಿಂತ ದೊಡ್ಡದು ಎಂದು ಶಾಲೆಯಲ್ಲಿ ಸಿಸ್ಟರ್ ಒಬ್ಬರು ಹೇಳುತ್ತಿದ್ದರು. ಆದರೂ ಬರೆದೆ. ಯಾಕೆಂದರೆ ಆ ಸುಳ್ಳು ಯಾರಿಗಾಗಿ ಎಂದು ನನಗೆ ಗೊತ್ತಾಗಿತ್ತು. ಕೇಳುತ್ತಿರುವವಳು ಬೀಗರ ಮನೆಯ ಹುಡುಗಿ. ಆಕೆಯ ಮುಂದೆ ಹಿರಿಯಳು ತಂಗಳು ತಿಂದೆ ಎಂದರೆ ಮಾತು ಕಿತ್ತೂರಿನ ನನ್ನ ತವರಿಗೆ ಮುಟ್ಟುತ್ತದೆ, ಸೊಸೆ ಹೆಂಥವಳೆಂದು ಅಲ್ಲಿಯ ನಾಲ್ಕು ಮಂದಿ ಆಡುತ್ತಾರೆ. ಅತ್ತೆ ನನ್ನ ಮಾನ ಕಾಯುತ್ತಿದ್ದರು.

ಮುಂದಿನದು ನಡಿಗೆ. ದಿನಕ್ಕೆ ಎಷ್ಟು ಹೊತ್ತು ನಡೆಯುತ್ತೀರಿ?

"ನಾ ಎಲ್ಲಿ ಅಡ್ಡಾಡ್ತೇನವಾ? ಮನ್ಯಾಗ ಇರತೇನಿ. ಸೊನ್ನಿ ಹಾಕ."

"ಅಡ್ಡಾಡೂ ಹೆಣ್ಮಕ್ಕಳು ಬ್ಯಾರೇನ ಇರತಾರ," ಎಂದರು ಕಾಕು, ಬೀದಿಯ ಆಚೆ ಬದಿಯ ಯಾವುದೋ ಮನೆಯ ಕಡೆ ಕಣ್ಣು ಹಾರಿಸಿ.

ಕಾಗದದ ಮೇಲೆ ಚೌಕದ ಕೊನೆಯ ಎರಡು ಮನೆ ತುಂಬಬೇಕಿತ್ತು. ಎಷ್ಟು ಗಂಟೆಗೆ ಉಂಡಿರಿ, ಯಾರ ಜೊತೆ ಉಂಡಿರಿ. ನಾನೇ ಕೇಳಿದೆ. "ಯಾರ ಜೋಡಿ ಉಂಡ್ರಿ, ಅತ್ತಿ?"

ಅತ್ತೆಗೆ ಪ್ರಶ್ನೆಯೇ ತಿಳಿಯಲಿಲ್ಲ. "ಯಾರ ಜೋಡಿ ಅಂದ್ರ?"

"ಒಲಿ ಜೋಡಿ ಅಂತ ಬರಿ," ಎಂದರು ಕಾಕು. "ನಂದೂ ಅದ ಬರಿ."

ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆ ಎರಡೂ ಮನೆ ಖಾಲಿ ಉಳಿದವು.

ಆಮೇಲೆ ಹಿತ್ತಲಲ್ಲಿ ನಾನು ಪಾತ್ರೆ ತೊಳೆಯುವಾಗ ತಂಗಿ ಬಂದು ಕಲ್ಲಿನ ಮೇಲೆ ಕುಳಿತಳು. "ಅಕ್ಕಾ, ಖರೇ ಏನ ಉಂಡಾರ ಹೇಳು. ನೀ ಬರಿಯೂ ಮುಂದ ನಿನ್ನ ಮಾರಿ ನೋಡಿದ್ನಿ." ಹೇಳಿದೆ. ಅವಳು ಕೇಳಿಸಿಕೊಂಡು, "ಗುಳಿಗಿ ಎಷ್ಟಕ್ಕ ನುಂಗತಾರ?" ಎಂದಳು.

"ಆರಕ್ಕ. ಪೂಜಿ ಆಗಿಂದ."

"ಉಣ್ಣೂದು?"

"ಮೂರಕ್ಕ. ಸುಗ್ಗಿ ಟೈಮಿನ್ಯಾಗ ಮೂರೂವರಿ."

"ನಡುವ?"

"ಚಾ."

ತಂಗಿ ಎದ್ದು ನಿಂತಳು. "ಸಕ್ಕರಿ ಬರೇ ಏರೂದಷ್ಟ ಅಲ್ಲಕ್ಕ, ಇಳೀತೈತಿ. ಗುಳಿಗಿ ಇರೂದ ಇಳಸಾಕ. ಹೊಟ್ಟ್ಯಾಗ ಕೂಳ ಇಲ್ಲದಾಗ ಇಳದ್ರ ಮನಷ್ಯಾ ಎಚ್ಚರ ತಪ್ಪತಾನ. ಹೊಳ್ಳಿ ಏಳದನೂ ಇರಬಹುದು. ಹಂಗೇನರೆ ಆದ್ರ ತಡಾ ಮಾಡದ ಸಿಹಿ ಕುಡಸು." ಚೀಲದಿಂದ ಬರೆಯದ ಒಂದು ಕಾಗದ ತೆಗೆದು ನನ್ನ ಒದ್ದೆ ಕೈಗೆ ತಾಗದಂತೆ ಮುಂದೆ ಹಿಡಿದಳು. "ಮೂರ ದಿನ ಬರಿ. ಅವರನ್ನ ಕೇಳಬ್ಯಾಡ, ನೋಡು. ಬರದು ಡಾಕ್ಟರಿಗೆ ತೋರಸು. ನಾ ಹೇಳಿದ್ರ ಅವರು ಕೇಳಾಂಗಿಲ್ಲ, ಕಾಗದದ ಮಾತ ಕೇಳತಾರ."

ಅವಳು ಮರುದಿನ ಹೋದಳು. ಸೋಮವಾರದಿಂದ ನಾನು ಅತ್ತೆಯನ್ನು ನೋಡತೊಡಗಿದೆ. ಹನ್ನೊಂದು ವರ್ಷ ಒಂದೇ ಅಡುಗೆಮನೆಯಲ್ಲಿದ್ದು ನೋಡದೆ ಇದ್ದದ್ದನ್ನು ಕಳ್ಳಿಯ ಹಾಗೆ ನೋಡುವುದು ನಾಚಿಕೆಯ ಕೆಲಸ. ಕಾಗದವನ್ನು ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟಿದ್ದೆ. ನಡಿಗೆಯನ್ನು ಎಣಿಸಲು ಅತ್ತೆಯೇ ಬಿಡಿಸಿಟ್ಟ ಹುಣಸೆಬೀಜ ತೆಗೆದುಕೊಂಡೆ; ಅವರು ಅಡುಗೆಮನೆಯಿಂದ ಪಡಸಾಲೆಗೆ ಹೋಗಿ ಬಂದ ಪ್ರತಿಸಲ ಒಂದು ಬೀಜ ಒಂದು ತಂಬಿಗೆಗೆ. ಬಿಸಿ ರೊಟ್ಟಿಗೆ ಒಮ್ಮೆ, ಪಲ್ಯಕ್ಕೆ ಒಮ್ಮೆ, ನೀರಿಗೆ, ಉಪ್ಪಿಗೆ, ಮಾವನವರು ಕೆಮ್ಮಿದರೆ ಏನು ಬೇಕೆಂದು ಕೇಳಲಿಕ್ಕೆ. ಹಿತ್ತಲಿನ ಎಮ್ಮೆಗೆ ಬೇರೆ, ಮಾಳಿಗೆ ಮೇಲೆ ಒಣಹಾಕಿದ ಶೇಂಗಾಕ್ಕೆ ಬೇರೆ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೇ ತಂಬಿಗೆಯ ತಳ ಕಾಣದಾಯಿತು. ಸೊನ್ನೆ ಹಾಕು ಎಂದವರು ಇವರು.

ಒಂದು ಸಣ್ಣ ಸಂಗತಿಯನ್ನೂ ಆಗಲೇ ಕಂಡೆ. ಬಡಿಸುವಾಗ ಅವರು ಪ್ರತಿಯೊಂದು ರೊಟ್ಟಿಯನ್ನೂ ಕೈಯಲ್ಲಿ ತೂಗಿ ನೋಡುತ್ತಿದ್ದರು. ಮೆತ್ತಗಿನದು ಮಾವನವರಿಗೆ, ಉಬ್ಬಿದ್ದು ಮಗನಿಗೆ, ಸೀದದ್ದು ಬುಟ್ಟಿಯ ತಳಕ್ಕೆ. ತಳದ್ದು ಯಾರಿಗೆ ಎಂದು ಹೇಳಬೇಕಿಲ್ಲ.

ಬುಧವಾರ ಒಂದೂ ಮುಕ್ಕಾಲಿಗೆ, ಮಕ್ಕಳು ಉಂಡು ಶಾಲೆಗೆ ಹೋದ ಮೇಲೆ, ಅತ್ತೆ ಹಂಚಿನ ಮೇಲಿನ ರೊಟ್ಟಿ ತಿರುವಲು ಹೋದವರು ಹಾಗೆಯೇ ಪಕ್ಕಕ್ಕೆ ವಾಲಿದರು. ನಾನು ಹಿಡಿದುಕೊಂಡದ್ದರಿಂದ ಒಲೆಯ ಮೇಲೆ ಬೀಳಲಿಲ್ಲ. ಕೈ ತಣ್ಣಗೆ, ಕುಪ್ಪಸವೆಲ್ಲ ಬೆವರು. ಕಣ್ಣು ತೆರೆದಿದ್ದರೂ ನನ್ನನ್ನು ಕಾಣುತ್ತಿರಲಿಲ್ಲ. ನನ್ನ ಕೂಗಿಗೆ ಕಾಕು ಓಡಿ ಬಂದರು. ಮಾವನವರು ಬಾಗಿಲಲ್ಲಿ ಬಂದು ನಿಂತರು.

"ಸಕ್ಕರಿ ಏರೈತಿ, ಹಾಗಲಕಾಯಿ ರಸ ತರತೇನಿ," ಎಂದರು ಕಾಕು.

ನಾನು ಡಬ್ಬಿಯಿಂದ ಬೆಲ್ಲದ ಹೆಂಟೆ ತೆಗೆದು ನೀರಲ್ಲಿ ಕಿವುಚುತ್ತಿದ್ದೆ. ಕಾಕು ನನ್ನ ಮುಂಗೈ ಹಿಡಿದರು. "ಏ ಹುಚ್ಚಿ, ಬೆಲ್ಲಾ ಕೊಡತಿ ಏನ? ಸಕ್ಕರಿ ಬ್ಯಾನಿ ಇದ್ದಾಕಿಗೆ ಬೆಲ್ಲಾ ಅಂದ್ರ ವಿಷಾ. ನಾಳೆ ಏನರೆ ಆದ್ರ ಊರ ಮಂದಿ ನಿನ್ನನ್ನ ಬಿಡತಾರೇನು?"

ಅವರು ಹೇಳಿದ್ದು ನಿಜ. ಏನಾದರೂ ಆದರೆ, ಕೈಯಾರೆ ಬೆಲ್ಲದ ನೀರು ಕುಡಿಸಿದ ಸೊಸೆ ನಾನಾಗುತ್ತಿದ್ದೆ. ತಂಗಿ ಇನ್ನೂ ಪರೀಕ್ಷೆ ಪಾಸಾಗದ ಹುಡುಗಿ. ಅವಳ ಒಂದು ಮಾತು, ಡಬ್ಬಿಯ ಕೆಳಗಿನ ನನ್ನ ಒಂದು ಕಾಗದ, ಇವಿಷ್ಟೇ ನನ್ನ ಬಳಿ ಇದ್ದದ್ದು. ಆ ಕಾಗದದಲ್ಲಿ ಆರು ಗಂಟೆ, ಎರಡು ಗುಳಿಗೆ ಎಂದು ಬರೆದ ಮೇಲೆ ಕೆಳಗಿನ ಮನೆಗಳೆಲ್ಲ ಖಾಲಿ ಇದ್ದವು. ಅದು ಕಣ್ಣ ಮುಂದೆ ಬಂತು.

"ಕೈ ಬಿಡ್ರಿ ಕಾಕು," ಎಂದೆ. ಅಷ್ಟು ಗಟ್ಟಿಯಾಗಿ ಆ ಮನೆಯಲ್ಲಿ ನಾನು ಅಲ್ಲಿಯವರೆಗೆ ಮಾತಾಡಿರಲಿಲ್ಲ.

ಅತ್ತೆಯನ್ನು ಒರಗಿಸಿಕೊಂಡು ತುಟಿಗೆ ವಾಟಿ ಹಿಡಿದೆ. ಮೊದಲ ಗುಟುಕು ಗದ್ದಕ್ಕೆ ಹರಿಯಿತು. ಎರಡನೆಯದು ನುಂಗಿದರು. ಆಮೇಲೆ ತಾವೇ ವಾಟಿಯ ಕಡೆ ಬಾಯಿ ತಂದರು. ಎಷ್ಟು ಹೊತ್ತಾಯಿತೋ ತಿಳಿಯದು; ಹಂಚಿನ ಮೇಲಿನ ರೊಟ್ಟಿ ಕರಿದಾಗಿ ಮನೆಯೆಲ್ಲ ಹೊಗೆ. ಅವರ ಕಣ್ಣು ನಿಧಾನ ನನ್ನ ಮುಖದ ಮೇಲೆ ಬಂದು ನಿಂತಿತು.

"ರೊಟ್ಟಿ ಹೊತ್ತಿತಲ್ಲವಾ," ಎಂದರು. "ಅವ ಉಣ್ಣಾಕ ಬರೂ ಹೊತ್ತಾತು."

ಕಾಕು ಹಂಚು ಇಳಿಸಿದರು.

ಆ ಸಂಜೆಯೇ ನಮ್ಮ ಮನೆಯವರೂ ನಾನೂ ಅತ್ತೆಯನ್ನು ಕರೆದುಕೊಂಡು ಡಾಕ್ಟರ ಬಳಿ ಹೋದೆವು. ಯಾವಾಗಲೂ ಒಳಗೆ ಹೋಗಿ ಮಾತಾಡುವವರು ನಮ್ಮ ಮನೆಯವರು. ಡಾಕ್ಟರು ಎಂದಿನಂತೆ, "ಊಟಾ ಎಲ್ಲಾ ಸರಿ ಮಾಡ್ತಾರಲ್ರಿ?" ಎಂದು ಕೇಳಿದರು. ಅವರೂ ಎಂದಿನಂತೆ, "ಊಟಕ್ಕ ಏನೂ ಕಮ್ಮಿ ಇಲ್ರಿ," ಎಂದರು. ಆಗ ನಾನು ಎಣ್ಣೆ ಕಲೆಯಾದ ಕಾಗದವನ್ನು ಮೇಜಿನ ಮೇಲಿಟ್ಟೆ.

ಡಾಕ್ಟರು ಮೊದಲಿನಿಂದ ಕೊನೆಯವರೆಗೆ ಓದಿದರು. ಹುಣಸೆಬೀಜದ ಲೆಕ್ಕ ಬಂದಲ್ಲಿ ಇದೇನು ಎಂದು ಕೇಳಿ ತಿಳಿದುಕೊಂಡರು. "ಮುಂಜಾನೆ ಅಂದ್ರ ನಾಷ್ಟಾ ಮಾಡ್ತಾರ ಅಂತ ನಾ ತಿಳದಿದ್ನಿ," ಎಂದರು ಆಮೇಲೆ. "ಎಷ್ಟಕ್ಕ ಉಣ್ಣತೀರಿ ಅಂತ ಕೇಳೂದು ನನ್ನ ಕೆಲಸ ಇತ್ತು. ಕೇಳಲಿಲ್ಲ." ಗುಳಿಗೆ ಕಡಿಮೆ ಮಾಡಿದರು. ನುಂಗಿ ಅರ್ಧ ತಾಸಿನೊಳಗೆ ಉಣ್ಣಬೇಕು, ಉಣ್ಣುವುದಿಲ್ಲವಾದರೆ ನುಂಗಲೂ ಬಾರದು ಎಂದು ಅತ್ತೆಗೇ ನೇರ ಹೇಳಿದರು. ಅತ್ತೆ ಸೆರಗು ಸರಿಮಾಡಿಕೊಂಡು "ಹೂನ್ರಿ" ಎಂದರು. ತಂಗಳ ರೊಟ್ಟಿಯ ವಿಷಯ ಮಗನ ಎದುರು ಕಾಗದದ ಮೇಲೆ ಬಂದದ್ದಕ್ಕೆ ನನ್ನ ಕಡೆ ಮಾತ್ರ ನೋಡಲಿಲ್ಲ.

ಮನೆಗೆ ತಿರುಗಿ ಬಂದೆವು. ಅತ್ತೆ ಮೆಟ್ಟಿಲು ಹತ್ತಿ ಒಳಗೆ ಹೋದ ಮೇಲೆ, ಚಪ್ಪಲಿ ಬಿಡುತ್ತ ನಮ್ಮ ಮನೆಯವರು ಅಂದರು: "ನಮ್ಮವ್ವ ಉಣ್ಣೂದನ್ನ ನಾ ನೋಡೇ ಇಲ್ಲ."

"ಹೂನ್ರಿ" ಎನ್ನುವುದು ಬೇರೆ, ಉಣ್ಣುವುದು ಬೇರೆ. ಮರುದಿನ ಆರೂವರೆಗೆ ನಾನು ರೊಟ್ಟಿ ಮಾಡಿ ಕರೆದರೆ ಅತ್ತೆ ಬರಲಿಲ್ಲ. "ಮನಿ ಗಂಡಸರು ಬಾಯಾಗ ತುತ್ತ ಇಟ್ಟಿಲ್ಲ, ನಾ ಉಣ್ಣಬೇಕ? ನಮ್ಮತ್ತಿ ಸಾಯೂತನಕ ಹಂಗ ಉಣ್ಣಲಿಲ್ಲ," ಎಂದರು. ಗುಳಿಗೆಯನ್ನೇ ಬಿಟ್ಟರು. ಮಗ ಹೇಳಿದರೂ ಆಗಲಿಲ್ಲ. ಮಾವನವರು ಪಡಸಾಲೆಯಿಂದ, "ಉಣ್ಣವಾ ತಾಯಿ, ನಿನಗೇನೂ ಪಾಪ ತಟ್ಟೂದಿಲ್ಲ," ಎಂದು ಕೂಗಿದರೂ ಆಗಲಿಲ್ಲ.

ನನಗೆ ತಂಗಿಯ ಕಾಗದದಲ್ಲಿ ಯಾರ ಜೋಡಿ ಎಂದು ಕೇಳಿ ಖಾಲಿ ಉಳಿದ ಮನೆ ನೆನಪಿತ್ತು. ಅದರ ಮರುದಿನ ಎರಡು ಗಂಗಾಳ ಹಚ್ಚಿದೆ. ಅಡುಗೆಮನೆಯ ನೆಲದ ಮೇಲೆ ಒಂದರ ಎದುರು ನಾನು ಕುಳಿತೆ. "ಅತ್ತಿ, ನೀವು ಉಣ್ಣೂತನಕ ನಾ ಉಣ್ಣೂದಿಲ್ಲ."

"ಸುಮ್ನ ಉಣ್ಣ. ನಾಟಕಾ ಮಾಡಬ್ಯಾಡ."

ನಾನು ಉಣ್ಣಲಿಲ್ಲ. ಮಧ್ಯಾಹ್ನವೂ ಉಣ್ಣಲಿಲ್ಲ. ಎರಡನೆಯ ದಿನ ಹತ್ತು ಗಂಟೆಯ ಹೊತ್ತಿಗೆ ಅತ್ತೆ ಮೂರು ಸಲ ಬಂದು ನನ್ನ ಗಂಗಾಳ ನೋಡಿ ಹೋದರು. ಹನ್ನೊಂದು ವರ್ಷದಲ್ಲಿ ಅವರ ಎದುರು ನನ್ನ ಗಂಗಾಳ ಹಾಗೆ ಕೂತದ್ದಿಲ್ಲ. ಯಾರನ್ನೂ ಉಪವಾಸ ಕಳಿಸದ ಹೆಂಗಸು. ತಮ್ಮ ಹಸಿವೆಯನ್ನು ತಡೆಯಬಲ್ಲರು, ಇನ್ನೊಬ್ಬರದನ್ನು ತಡೆಯಲಾರರು. ಮೂರನೆಯ ದಿನ ಮುಂಜಾನೆ ಗುಳಿಗೆ ನುಂಗಿದರು. ಎದ್ದು ಹೋಗಿ ಅಡುಗೆಮನೆಯ ಬಾಗಿಲಿಗೆ ಅಗಳಿ ಹಾಕಿದರು. ನನ್ನ ಎದುರು ಕುಳಿತು ಒಂದು ತುತ್ತು ಮುರಿದರು.

"ಉಣ್ಣಿನ್ನ," ಎಂದರು. "ಮಾರಿ ನೋಡಿಕೊಂಡ ಕುಂಡ್ರಬ್ಯಾಡ."

ಹಲವು ವರ್ಷ ಹಾಗೆಯೇ ನಡೆಯಿತು, ಬಾಗಿಲು ಹಾಕಿಕೊಂಡು. ಮೊದಮೊದಲು ಹೊರಗೆ ಹೆಜ್ಜೆ ಸಪ್ಪಳವಾದರೆ ಗಂಗಾಳವನ್ನು ಒಲೆಯ ಮರೆಗೆ ಸರಿಸುತ್ತಿದ್ದರು. ಆಮೇಲೆ ಅಗಳಿ ಹೋಗಿ ಬಾಗಿಲನ್ನು ಬರೀ ಎಳೆದುಕೊಳ್ಳುವಂತಾಯಿತು. ಆಮೇಲೊಮ್ಮೆ ಕಾಕು ತಮ್ಮ ಗಂಗಾಳ ಹಿಡಿದುಕೊಂಡು ಬಂದು ನಮ್ಮೊಂದಿಗೆ ಕುಳಿತರು. ತಲೆ ಸುತ್ತು ಮತ್ತೆ ಬರಲಿಲ್ಲ ಎಂದೇನಿಲ್ಲ. ಬಂದರೆ ಏನು ಮಾಡಬೇಕೆಂದು ಅವರಿಗೇ ಗೊತ್ತಿತ್ತು. ಸೆರಗಿನ ತುದಿಗೆ ಬೆಲ್ಲದ ಚೂರು ಗಂಟು ಹಾಕಿಕೊಂಡಿರುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ತಂಗಿ ಕಾಲೇಜಿನಲ್ಲಿ ಕಲಿಸುವವಳಾಗಿದ್ದಳು. ಒಮ್ಮೆ ರಾಮದುರ್ಗದ ಕಡೆ ಹಳ್ಳಿಗಳಲ್ಲಿ ಅಂಥದೇ ಪ್ರಶ್ನೆಗಳನ್ನು ಕೇಳಲು ಹೊರಟವಳು ಹಾದಿಯಲ್ಲಿ ನಮ್ಮ ಮನೆಗೆ ಬಂದಳು. ಈಗ ಕಾಗದ ಕನ್ನಡದಲ್ಲೇ ಅಚ್ಚಾಗಿತ್ತು. ಮೀನಿನ ಜಾಗದಲ್ಲಿ ರೊಟ್ಟಿಯ ಚಿತ್ರ. ಅತ್ತೆಗೆ ಕಣ್ಣು ಮಂಜಾಗಿತ್ತು. ಕಾಗದ ಕೈಯಲ್ಲಿ ಹಿಡಿದು ದೂರ ಮಾಡಿ ಹತ್ತಿರ ಮಾಡಿ ನೋಡಿ, "ಇದ ಆ ಪಾಚಿ ತಿನ್ನೂ ಮಂದಿದೇನ?" ಎಂದರು. ಹೌದು ಎಂದಳು ತಂಗಿ.

"ಹಂಗಾರ ಬರಕೊ. ಅವತ್ತ ನಿನಗ ಸುಳ್ಳ ಹೇಳಿದ್ನಿ." ನನ್ನ ಕಡೆ ನೋಡದೆಯೇ ಹೇಳಿದರು. "ನಿನ್ನಿ ಮುಂಜಾನಿ ತಂಗಳ ರೊಟ್ಟಿ ಉಂಡೇನಿ. ಒಂದೂವರಿ. ಮ್ಯಾಲೆ ಮೆಂತ್ಯಾಪಲ್ಯ, ಹಿಂಡಿ, ಮಜ್ಜಿಗಿ. ತಂಗಳಂದ್ರ ಕೆಟ್ಟದ್ದಲ್ಲ, ಹಲ್ಲಿಲ್ಲದಾಕಿಗೆ ಅದ ಛಲೋ. ಏಳು ಗಂಟೆಕ್ಕ."

ತಂಗಿ ಬರೆದುಕೊಂಡು ಮುಂದಿನ ಮನೆಗೆ ಪೆನ್ನು ತಂದಳು. ಅವಳು ಓದುವ ಮೊದಲೇ ಅತ್ತೆ, "ಸೊಸಿ ಜೋಡಿ," ಎಂದರು. ಮತ್ತೆ, "ಆ ಹಾಗಲಕಾಯಿನೂ ಇತ್ತು, ಬರಿ," ಎಂದು ಕಾಕುವಿನ ಮನೆಯ ಗೋಡೆಯ ಕಡೆ ಗದ್ದ ತೋರಿಸಿದರು.